ಕೌದಿ ಹುಡುಕಿಕೊಂಡು ಜೀಸ್ ಬೆಂಡ್‌ಗೆ: ಹೋಗುವವರಿಗೆ ಕೆಲವು ಮಾತು

ಜೀಸ್ ಬೆಂಡ್ ಅಮೆರಿಕದ ಒಂದು ಸಣ್ಣ ಊರು. ಅಲ್ಲಿನ ಕಪ್ಪು ಹೆಂಗಸರು ಹೊಲಿಯುವ ಕೌದಿಗೆ, ಅಂದರೆ ಕ್ವಿಲ್ಟ್‌ಗೆ, ದೊಡ್ಡ ಹೆಸರು. ಮೊದಲೇ ಹೇಳಿಬಿಡುತ್ತೇನೆ. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ‘ಜೀಸ್ ಬೆಂಡ್ ಕ್ವಿಲ್ಟ್’ ಅಂತ ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ನಾನು 180 ಡಾಲರ್ ಕೊಟ್ಟು ಕೊಂಡೆ. ಮಾರನೇ ದಿನ ಜೀಸ್ ಬೆಂಡ್‌ನಲ್ಲೇ ಒಬ್ಬ ಅಜ್ಜಿ ಅದನ್ನು ಮಗುಚಿ ಹಾಕಿದರು. ಹಿಂಬದಿಯ ಹೊಲಿಗೆ ಮೇಲೆ ಬೆರಳಾಡಿಸಿದರು. "ಇದು ಮೆಷಿನ್ ಹೊಲಿಗೆ ಮಗಳೇ, ಇಲ್ಲಿಯದಲ್ಲ" ಅಂದರು. ಕೈಹೊಲಿಗೆಯಲ್ಲಿ ಒಂದು ಹೊಲಿಗೆ ಉದ್ದ, ಒಂದು ಗಿಡ್ಡ ಇದ್ದೇ ಇರುತ್ತದೆ. ನನ್ನದರಲ್ಲಿ ಎಲ್ಲವೂ ಅಳತೆ ಇಟ್ಟಂತೆ ಒಂದೇ ಸಮ ಇದ್ದವು. ಹೊಲಿದವರ ಹೆಸರೂ ಇರಲಿಲ್ಲ. ಕೌದಿ ಹೊದ್ದೇ ಬೆಳೆದವಳು ನಾನು, ಅಂಗಡಿಯಲ್ಲಿ ಹಿಂಬದಿ ತಿರುಗಿಸಿ ನೋಡಲೇ ಇಲ್ಲ. ನೀವು ನೋಡಿ.

ಊರು ಇರುವುದು ಅಲಬಾಮಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯಲ್ಲಿ. ಸರ್ಕಾರಿ ಹೆಸರು ಬಾಯ್ಕಿನ್. ಅಟ್ಲಾಂಟಾದಿಂದ ಮಾಂಟ್‌ಗೊಮರಿ, ಸೆಲ್ಮಾ ದಾಟಿ ಕ್ಯಾಮ್ಡನ್‌ಗೆ ಬರಬೇಕು. ಕಾರಿನಲ್ಲಿ ಸುಮಾರು 4 ಗಂಟೆ. ಅಲಬಾಮಾದಲ್ಲಿ ಗಡಿಯಾರ ಅಟ್ಲಾಂಟಾಗಿಂತ ಒಂದು ಗಂಟೆ ಹಿಂದೆ, ಇದನ್ನು ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ. ಈ ಸೀಮೆಗೆ ಬ್ಲ್ಯಾಕ್ ಬೆಲ್ಟ್ ಅನ್ನುತ್ತಾರೆ, ಇಲ್ಲಿನ ಕಪ್ಪು ಮಣ್ಣಿನಿಂದ ಬಂದ ಹೆಸರು. ನಾನು ನವಲಗುಂದದ ಕಡೆಯವಳು. ಎರೆ ಹೊಲ ಇದ್ದಲ್ಲಿ ಹತ್ತಿ ಇರುತ್ತದೆ ಅಂತ ಗೊತ್ತು. ಈಗ ಅಲ್ಲಿ ಪೈನ್ ಮರ, ಹುಲ್ಲುಗಾವಲೇ ಜಾಸ್ತಿ. ಆದರೆ ಈ ಊರು ಹುಟ್ಟಿದ್ದೇ ಹತ್ತಿಯಿಂದ.

ರೂಮಿನ ವಿಷಯ. ಅಕ್ಟೋಬರ್‌ನಲ್ಲಿ ಹೋಗುವುದಾದರೆ ಆ ಶನಿವಾರ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯ ಇದೆಯಾ ಅಂತ ಮೊದಲು ನೋಡಿ. ನಾನು ನೋಡಲಿಲ್ಲ. ದೊಡ್ಡ ರಸ್ತೆಯ ಪಕ್ಕದ ಒಂದು ಮೋಟೆಲ್‌ನಲ್ಲಿ ಒಂದು ರಾತ್ರಿಗೆ 210 ಡಾಲರ್ ಕೊಟ್ಟೆ. ಹಾಸಿಗೆ ನಡುವೆ ತಗ್ಗು, ಬಚ್ಚಲಿನಲ್ಲಿ ಬಿಸಿನೀರು ಬರಲಿಲ್ಲ, ಪಕ್ಕದ ರೂಮಿನಲ್ಲಿ ರಾತ್ರಿ ಎರಡರವರೆಗೆ ಕೂಗಾಟ. ಗದ್ದಲ ನನಗೆ ಆಗುವುದೇ ಇಲ್ಲ. ಬೆಳಿಗ್ಗೆ ಕೇಳಿದರೆ, "ಪಂದ್ಯದ ವಾರ, ಎಲ್ಲ ಕಡೆ ಇದೇ ದರ" ಅಂದರು. ಕ್ಯಾಮ್ಡನ್ ಸುತ್ತಮುತ್ತ ರೂಮು ಕಡಿಮೆ, ಎರಡು ತಿಂಗಳು ಮುಂಚೆಯೇ ಹಿಡಿದಿಟ್ಟುಕೊಳ್ಳಿ.

ಇನ್ನು ಫೆರಿ. ಸಿಗಂದೂರಿನ ಲಾಂಚ್ ನೆನಪಿದೆಯಲ್ಲ, ಕಾರು ಬಸ್ಸು ಹತ್ತಿಸಿಕೊಂಡು ಹೋಗುತ್ತಿತ್ತು? ಹಾಗೇ ಇದು. ಕ್ಯಾಮ್ಡನ್ ದಡದಿಂದ ಅಲಬಾಮಾ ನದಿ ದಾಟಿಸುತ್ತದೆ. 2019ರಿಂದ ಬ್ಯಾಟರಿಯಲ್ಲಿ ಓಡುತ್ತದೆ, ಸದ್ದೇ ಇಲ್ಲ. ಶುಕ್ರವಾರ ನಾನು ಹೋದಾಗ ಗಾಳಿ ಜೋರಾಗಿತ್ತು, ಫೆರಿ ಬಿಡಲಿಲ್ಲ. ಆಚೆ ದಡದ ಮರಗಳು ಕಾಣುತ್ತಿದ್ದವು. ಅಲ್ಲಿಗೆ ಹೋಗಲು ರಸ್ತೆಯಲ್ಲಿ ಸುಮಾರು 40 ಮೈಲಿ ಸುತ್ತಬೇಕು. ಹತ್ತಿರ ಹತ್ತಿರ ಒಂದು ಗಂಟೆ.

ಆ ಒಂದು ಗಂಟೆ ನನಗೆ ಬಹಳ ಕಲಿಸಿತು. 1962ರಲ್ಲಿ ಈ ಊರಿನ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕ್ಯಾಮ್ಡನ್‌ಗೆ ಬರತೊಡಗಿದ್ದರು. ಆಗ ಅವರನ್ನು ತಡೆಯಲು ಬಿಳಿಯ ಅಧಿಕಾರಿಗಳು ಫೆರಿಯನ್ನೇ ನಿಲ್ಲಿಸಿಬಿಟ್ಟರು. ಕೌಂಟಿಯಲ್ಲಿ ಹೆಚ್ಚಿನವರು ಕಪ್ಪು ಜನ. ಆದರೂ 1965ರ ಆರಂಭದಲ್ಲಿ ಪಟ್ಟಿಯಲ್ಲಿ ಅವರದು ಒಂದು ಹೆಸರೂ ಇರಲಿಲ್ಲ. ಆ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಊರಿಗೆ ಬಂದು ಮಾತಾಡಿದ್ದರು. ಫೆರಿ ಮತ್ತೆ ಶುರುವಾಗಿದ್ದು 2006ರಲ್ಲಿ. 44 ವರ್ಷ! ನನಗೆ ಎಸಿ ಕಾರಿತ್ತು. ಅವರಲ್ಲಿ ಎಷ್ಟು ಜನರ ಹತ್ತಿರ ಕಾರಿತ್ತು?

ಊರಿಗೆ ಒಂದೇ ರಸ್ತೆ, ಅದು ಅಲ್ಲೇ ಮುಗಿಯುತ್ತದೆ. ಮೂರು ಕಡೆ ನದಿ. ಮನೆ ಮುಂದಿನ ಅಂಚೆ ಡಬ್ಬಿಗಳಲ್ಲಿ ಪೆಟ್‌ವೇ, ಪೆಟ್‌ವೇ ಅಂತ ಅದೇ ಹೆಸರು ಕಾಣುತ್ತದೆ. ಅದು ಹಿಂದಿನ ತೋಟದ ಒಡೆಯನ ಹೆಸರು, ಅವನ ಗುಲಾಮರಿಗೂ ಅದೇ ಬಂತು. 1816ರಲ್ಲಿ ಜೋಸೆಫ್ ಜೀ ಇಲ್ಲಿ ಹತ್ತಿ ತೋಟ ಮಾಡಿದ. 1845ರಲ್ಲಿ ಅದು ಮಾರ್ಕ್ ಪೆಟ್‌ವೇ ಕೈಗೆ ಹೋಯಿತು. ಅವನು ಉತ್ತರ ಕ್ಯಾರೊಲಿನಾದಿಂದ ಸುಮಾರು ನೂರು ಗುಲಾಮರನ್ನು ನಡೆಸಿಕೊಂಡೇ ಇಲ್ಲಿಗೆ ತಂದ. ಗುಲಾಮಗಿರಿ ಹೋದ ಮೇಲೂ ಇವರು ಬೇರೆಯವರ ಹೊಲದಲ್ಲೇ ಪಾಲಿಗೆ ದುಡಿದರು, ಸಾಲ ಹೋಗಲಿಲ್ಲ. 1932ರಲ್ಲಿ ಸಾಲ ಕೊಟ್ಟಿದ್ದ ವ್ಯಾಪಾರಿ ಸತ್ತ. ಅವನ ಮನೆಯವರ ಕಡೆಯ ಜನ ಬಂದು ಹೇಸರಗತ್ತೆ, ನೇಗಿಲು, ಜೋಳ, ಕೋಳಿ ಸಮೇತ ಹೊತ್ತುಕೊಂಡು ಹೋದರು. ಆ ಚಳಿಗಾಲ ಊರು ಬದುಕಿದ್ದು ರೆಡ್ ಕ್ರಾಸ್ ಕೊಟ್ಟ ದಿನಸಿಯಿಂದ. ಆಮೇಲೆ ಕೇಂದ್ರ ಸರ್ಕಾರ ಜಮೀನು ಕೊಂಡು, ಮನೆ ಕಟ್ಟಿಸಿ, ಇವರಿಗೇ ಕಂತಿನಲ್ಲಿ ಮಾರಿತು. ಆಗಿನ ಅಧ್ಯಕ್ಷರ ಹೆಸರಿನ ಆ ‘ರೂಸ್‌ವೆಲ್ಟ್ ಮನೆ’ಗಳಲ್ಲಿ ಕೆಲವು ಇನ್ನೂ ಇವೆ, ಕೇಳಿದರೆ ತೋರಿಸುತ್ತಾರೆ. ಹೊಲ ಸ್ವಂತದ್ದು ಆಗಿದ್ದರಿಂದಲೇ ಮತದ ಹಕ್ಕಿಗೆ ನಿಂತಾಗ ಇವರನ್ನು ಒಕ್ಕಲೆಬ್ಬಿಸಲು ಒಡೆಯ ಇರಲಿಲ್ಲ. 1960ರ ದಶಕದಲ್ಲಿ ಅಣೆಕಟ್ಟು ಬಂದು ಆ ಹೊಲಗಳಲ್ಲಿ ಒಳ್ಳೊಳ್ಳೆಯವೇ ಮುಳುಗಿದವು. ನಮ್ಮ ಶರಾವತಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೌದಿಗಳನ್ನು ನೋಡಲು ಅವಸರ ಮಾಡಬೇಡಿ. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಇಲ್ಲಿನ 10 ಕೌದಿಗಳ ಸ್ಟಾಂಪ್ ತಂದಿತು. ಅವುಗಳ ದೊಡ್ಡ ಚಿತ್ರಫಲಕಗಳು ರಸ್ತೆ ಬದಿ ನಿಂತಿವೆ. ಕಾರು ನಿಲ್ಲಿಸಿ ಒಂದೊಂದನ್ನೂ ನೋಡಿ. ಮಿಸ್ಸೂರಿ ಪೆಟ್‌ವೇ ಎಂಬ ಹೆಣ್ಣುಮಗಳು 1942ರಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಕೆಲಸದ ಬಟ್ಟೆಗಳನ್ನೆಲ್ಲ ಕತ್ತರಿಸಿ ಒಂದು ಕೌದಿ ಹೊಲಿದರು. ಅವನ ನೆನಪಿಗೆ, ಅದನ್ನೇ ಹೊದ್ದು ಮಲಗುವುದಕ್ಕೆ. ನಮ್ಮ ಆಯಿಯೂ ಅಜ್ಜನ ಧೋತರ ಹಾಕಿ ಕೌದಿ ಹೊಲಿದಿದ್ದಳು. ಅಷ್ಟು ದೂರದಲ್ಲಿ ನಿಂತು ಆ ಮಾತು ಕೇಳಿ ನನಗೆ ಅಳು ತಡೆಯಲು ಆಗಲಿಲ್ಲ.

ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿದ ಕೌದಿಯ ಫೋಟೊ ನನ್ನ ಫೋನಿನಲ್ಲಿತ್ತು. ಅಜ್ಜಿಗೆ ತೋರಿಸಿದೆ. ಇವರ ಹಿರಿಯರೂ ಆಫ್ರಿಕಾದಿಂದಲೇ ಬಂದವರು ಅಂದೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸಿದ್ದಿಯರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತು ಒಳಗೆ ಬರುತ್ತಾರೆ, ಮೂಲೆಗೆ ‘ಫುಲಾ’, ಅಂದರೆ ಹೂವು, ಅಂತ ಮಡಿಸಿದ ಬಟ್ಟೆ ಇಡುತ್ತಾರೆ. ಇಲ್ಲಿ ಮೇಲ್ಬಟ್ಟೆಯ ತುಂಡುಗಳನ್ನು ಮೊದಲು ಜೋಡಿಸಿ, ಆಮೇಲೆ ಹತ್ತಿ ತುಂಬಿ ಹೊಲಿಯುತ್ತಾರೆ. "ಮೂಲೆಯ ಆ ಹೂವು ನಾನೂ ಮಾಡಿ ನೋಡುತ್ತೇನೆ" ಅಂದರು.

ಊಟ. ಕ್ಯಾಮ್ಡನ್‌ಗೆ ಬರುವ ದಾರಿಯಲ್ಲಿ ಪೆಟ್ರೋಲ್ ಬಂಕಿಗೆ ಅಂಟಿಕೊಂಡ ಒಂದು ಸಣ್ಣ ಜಾಗ, ಐದೇ ಮೇಜು. ‘ವೆಜಿಟೇಬಲ್ ಪ್ಲೇಟ್’ ಕೇಳಿ, 9 ಡಾಲರ್. ಹಿಟ್ಟಿನಲ್ಲಿ ಅದ್ದಿ ಕರಿದ ಬೆಂಡೆಕಾಯಿ, ಗರಿಗರಿ, ಒಂದಿಷ್ಟೂ ಲೋಳೆ ಇಲ್ಲ. ಬೆಂದ ಅಲಸಂದೆ. ಬೆಣ್ಣೆ ಹಾಕಿದ ಸಿಹಿಗೆಣಸು. ಮೆಕ್ಕೆಜೋಳದ ಬ್ರೆಡ್ಡು, ಬಿಸಿ ಹಂಚಿನಿಂದ ನೇರ ತಟ್ಟೆಗೆ. ಬೆಂಡೆ, ಅಲಸಂದೆ ಎರಡೂ ಆಫ್ರಿಕಾದ ಬೆಳೆ. ಅಲ್ಲಿಂದ ಅವರ ಊಟಕ್ಕೂ ಬಂದವು, ನಮ್ಮ ಊಟಕ್ಕೂ ಬಂದವು. ಸೊಪ್ಪನ್ನು ಮಾತ್ರ ಬಹಳ ಕಡೆ ಹಂದಿ ಮಾಂಸ ಹಾಕಿ ಬೇಯಿಸುತ್ತಾರೆ. ಕೆಲವೊಮ್ಮೆ ಅಲಸಂದೆಯನ್ನೂ. ಸಸ್ಯಾಹಾರಿಗಳು ಒಂದೊಂದನ್ನೂ ಕೇಳಿಯೇ ಬಡಿಸಿಕೊಳ್ಳಿ. ನಾನು ಕೇಳಿದಾಗ ಅಡುಗೆ ಮನೆಯಿಂದಲೇ ಬಂದು ಹೇಳಿದರು, ನನಗಾಗಿ ಇನ್ನೊಂದಿಷ್ಟು ಬೆಂಡೆ ಕರಿದರು. ಎರಡು ದಿನವೂ ಅಲ್ಲೇ ಉಂಡೆ.

ಶನಿವಾರ ಗಾಳಿ ನಿಂತಿತ್ತು, ಫೆರಿ ಸಿಕ್ಕಿತು. ಅಂದು ಊರಿನ ಕೌದಿ ಹಬ್ಬ. 2022ರಿಂದ ಅಕ್ಟೋಬರ್‌ನಲ್ಲಿ ನಡೆಯುತ್ತದೆ. ತಂತಿ ಮೇಲೆ, ಬೇಲಿ ಮೇಲೆಲ್ಲ ಕೌದಿ. ಬೆಳಿಗ್ಗೆ ಬೇಗ ಹೋದರೆ ಚೆಂದ. ಮಧ್ಯಾಹ್ನದ ಹೊತ್ತಿಗೆ ಜನ ಜಾಸ್ತಿಯಾಗಿ ಯಾರ ಹತ್ತಿರವೂ ಕೂತು ಮಾತಾಡಲು ಆಗಲಿಲ್ಲ. ನನ್ನ ಕೇಳಿದರೆ ಹಬ್ಬದ ಹಿಂದಿನ ದಿನವೇ ಮೇಲು.

ದೊಡ್ಡ ಕೌದಿಗೆ ಸಾವಿರಾರು ಡಾಲರ್ ಇದೆ, ತಿಂಗಳುಗಟ್ಟಲೆಯ ಕೆಲಸ, ಚೌಕಾಸಿ ಮಾಡಬೇಡಿ. ನಾನು ಅಂಗೈ ಎರಡರಷ್ಟು ಅಗಲದ ಒಂದು ತುಂಡು ಕೊಂಡೆ. ಹಿಂಬದಿಯಲ್ಲಿ ಅಜ್ಜಿ ತಮ್ಮ ಹೆಸರು ಬರೆದುಕೊಟ್ಟಿದ್ದಾರೆ. ಕೈಯಲ್ಲಿ ನಗದು ಇರಲಿ, ಪೆಟ್ರೋಲ್ ಕ್ಯಾಮ್ಡನ್‌ನಲ್ಲೇ ತುಂಬಿಸಿಕೊಳ್ಳಿ, ಹೊರಡುವ ದಿನ ಬೆಳಿಗ್ಗೆ ಫೆರಿಗೆ ಫೋನ್ ಮಾಡಿ ಕೇಳಿ.