ಪುಸ್ತಕವಿಲ್ಲದ ಪಠ್ಯಕ್ರಮ: ನ್ಯೂಜೆರ್ಸಿಯ ಸಮಾಜ ವಿಜ್ಞಾನ ತರಗತಿಗಳಿಂದ

ಕರ್ನಾಟಕದಲ್ಲಿ ಪಠ್ಯಕ್ರಮ ಬದಲಾಯಿತು ಎಂದರೆ ಪಠ್ಯಪುಸ್ತಕ ಬದಲಾಯಿತು ಎಂದೇ ಅರ್ಥ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಹೊಸ ಪುಸ್ತಕ ಬಂದಿದೆಯೇ, ಯಾವ ಪಾಠ ಸೇರಿದೆ, ಯಾವುದು ಬಿಟ್ಟುಹೋಗಿದೆ ಎಂಬುದೇ ಶಿಕ್ಷಕರ ಕೊಠಡಿಯ ಮಾತಾಗಿರುತ್ತದೆ. 2022ರಲ್ಲಿ ಎದ್ದ ಪಠ್ಯ ಪರಿಷ್ಕರಣೆಯ ವಿವಾದ ಎಲ್ಲರಿಗೂ ನೆನಪಿರಬಹುದು. ಆ ಜಗಳವೆಲ್ಲ ನಡೆದದ್ದು ಒಂದು ಪುಸ್ತಕದ ಪುಟಗಳ ಮೇಲೆ. ದಾವಣಗೆರೆ ಕಡೆಯ ಪ್ರೌಢಶಾಲೆಯೊಂದರಲ್ಲಿ ಕೆಲವು ವರ್ಷ ಸಮಾಜ ವಿಜ್ಞಾನ ಕಲಿಸಿ, ಈಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಒಂದು ಮಿಡ್ಲ್ ಸ್ಕೂಲಿನಲ್ಲಿ (ಆರರಿಂದ ಎಂಟನೆಯ ತರಗತಿಯವರೆಗಿನ ಶಾಲೆ) ಬೋಧನಾ ಸಹಾಯಕಿಯಾಗಿರುವ ನನಗೆ, ಇಲ್ಲಿ ಆರಂಭದಲ್ಲಿ ಅರ್ಥವಾಗದೇ ಇದ್ದದ್ದು ಇದೇ: ರಾಜ್ಯವು ಮಾನದಂಡಗಳನ್ನು ಬದಲಿಸುತ್ತದೆ, ಹೊಸ ಕಾನೂನುಗಳನ್ನು ತರುತ್ತದೆ, ಆದರೆ ಪುಸ್ತಕವನ್ನು ಮಾತ್ರ ಕೊಡುವುದಿಲ್ಲ.

ಇಲ್ಲಿನ ಏರ್ಪಾಡು ಸ್ಥೂಲವಾಗಿ ಹೀಗಿದೆ. ಶಾಲೆಗಳಲ್ಲಿ ಏನನ್ನು ಕಲಿಸಬೇಕು ಎಂದು ಹೇಳುವ ಅಧಿಕಾರ ಕೇಂದ್ರ ಸರ್ಕಾರಕ್ಕಿಲ್ಲ. ನ್ಯೂಜೆರ್ಸಿ ರಾಜ್ಯದ ಶಿಕ್ಷಣ ಮಂಡಳಿಯು ಎರಡನೆಯ, ಐದನೆಯ, ಎಂಟನೆಯ ಮತ್ತು ಹನ್ನೆರಡನೆಯ ತರಗತಿಗಳ ಕೊನೆಗೆ ಮಗುವಿಗೆ ಏನು ತಿಳಿದಿರಬೇಕು, ಏನು ಮಾಡಲು ಬರಬೇಕು ಎಂಬುದನ್ನು ಸ್ಟ್ಯಾಂಡರ್ಡ್ಸ್ ಎಂಬ ಹೆಸರಿನಲ್ಲಿ ಗೊತ್ತುಮಾಡುತ್ತದೆ. ಅದನ್ನು ಯಾವ ಪಾಠದ ಮೂಲಕ, ಯಾವ ಪುಸ್ತಕದಿಂದ, ಎಷ್ಟು ದಿನಗಳಲ್ಲಿ ಮುಗಿಸಬೇಕೆಂಬುದು ಆಯಾ ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಶಾಲಾ ಡಿಸ್ಟ್ರಿಕ್ಟ್‌ಗಳಿಗೆ ಬಿಟ್ಟದ್ದು. ನಮ್ಮ ಕೆಲವು ಜಿಲ್ಲೆಗಳನ್ನು ಒಟ್ಟುಗೂಡಿಸಿದಷ್ಟೇ ವಿಸ್ತಾರವಿರುವ ಈ ಪುಟ್ಟ ರಾಜ್ಯದಲ್ಲಿ ಅಂಥ ಡಿಸ್ಟ್ರಿಕ್ಟ್‌ಗಳು ಹೆಚ್ಚುಕಡಿಮೆ ಆರು ನೂರು ಇವೆ. ಡಿಸ್ಟ್ರಿಕ್ಟ್‌ನ ದಾಖಲೆಯೂ ಘಟಕಗಳ ಹೆಸರು ಮತ್ತು ವಾರಗಳ ಲೆಕ್ಕದ ಮಟ್ಟದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದಿನದು, ಅಂದರೆ ಸೋಮವಾರ ಬೆಳಿಗ್ಗೆ ಮಕ್ಕಳ ಕೈಗೆ ಕೊಡಬೇಕಾದ ಹಾಳೆಯಲ್ಲಿ ಏನಿರಬೇಕು ಎಂಬುದು, ಶಿಕ್ಷಕರ ಪಾಲು.

ಈಗ ಜಾರಿಯಲ್ಲಿರುವ ಸಮಾಜ ವಿಜ್ಞಾನದ ಮಾನದಂಡಗಳನ್ನು ಮಂಡಳಿ ಅಂಗೀಕರಿಸಿದ್ದು 2020ರಲ್ಲಿ. ತರಗತಿಗೆ ಅವು ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಅವುಗಳ ಹಿಂದೆ, ರಾಷ್ಟ್ರಮಟ್ಟದ ಸಮಾಜ ವಿಜ್ಞಾನ ಶಿಕ್ಷಕರ ಸಂಘಟನೆಯು 2013ರಲ್ಲಿ ಹೊರತಂದ ಸಿ-3 ಚೌಕಟ್ಟಿನ ಪ್ರಭಾವ ಎದ್ದು ಕಾಣುತ್ತದೆ. ಆ ಚೌಕಟ್ಟಿನ ಪ್ರಕಾರ ಪಾಠ ಆರಂಭವಾಗಬೇಕಾದದ್ದು ಒಂದು ಪ್ರಶ್ನೆಯಿಂದ. ನಂತರ ಮಕ್ಕಳು ಮೂಲ ದಾಖಲೆಗಳನ್ನು ಓದಬೇಕು, ಯಾರು ಬರೆದರು, ಯಾವಾಗ, ಯಾರಿಗಾಗಿ ಎಂದು ಕೇಳಬೇಕು, ಆಧಾರ ಸಮೇತ ತಮ್ಮ ವಾದವನ್ನು ಬರೆಯಬೇಕು, ಸಾಧ್ಯವಾದರೆ ಆ ತಿಳಿವಳಿಕೆಯಿಂದ ಊರಿಗೆ ಉಪಯೋಗವಾಗುವ ಒಂದು ಕೆಲಸವನ್ನೂ ಮಾಡಬೇಕು.

ಇದರ ಮೇಲೆ ಕಾನೂನುಗಳ ಪದರಗಳಿವೆ. ಯಹೂದಿಗಳ ನರಮೇಧದ ಬೋಧನೆಯನ್ನು 1994ರಲ್ಲಿಯೇ ಕಡ್ಡಾಯ ಮಾಡಲಾಗಿತ್ತು. ಆಫ್ರಿಕನ್ ಅಮೆರಿಕನ್ನರ ಚರಿತ್ರೆಗಾಗಿ 2002ರಲ್ಲಿ ಆಮಿಸ್ಟಾಡ್ ಆಯೋಗದ ಕಾನೂನು ಬಂತು. 2021ರಲ್ಲಿ ಮಿಡ್ಲ್ ಸ್ಕೂಲಿನಲ್ಲಿ ಪೌರನೀತಿ ಕಲಿಸಬೇಕೆಂಬ ಕಾನೂನಾಯಿತು. ಎಪ್ಪತ್ತೊಂಬತ್ತು ವರ್ಷ ಮತಗಟ್ಟೆಯಲ್ಲಿ ಸೇವೆ ಸಲ್ಲಿಸಿದ ಲಾರಾ ವೂಟನ್ ಎಂಬ ಮಹಿಳೆಯ ಹೆಸರನ್ನು ಅದಕ್ಕೆ ಇಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. 2022ರ ಜನವರಿಯಲ್ಲಿ ಗವರ್ನರ್ ಫಿಲ್ ಮರ್ಫಿ ಅವರು ಏಷ್ಯನ್ ಅಮೆರಿಕನ್ ಮತ್ತು ಪೆಸಿಫಿಕ್ ದ್ವೀಪವಾಸಿಗಳ ಚರಿತ್ರೆಯನ್ನು ಸೇರಿಸುವ ಕಾನೂನಿಗೆ ಸಹಿ ಹಾಕಿದರು. ಇಲಿನಾಯ್ ರಾಜ್ಯದ ನಂತರ ಇಂಥ ಕಾನೂನು ಮಾಡಿದ ಎರಡನೆಯ ರಾಜ್ಯ ಇದು. 2023ರಲ್ಲಿ ಮಾಹಿತಿ ಸಾಕ್ಷರತೆಯ, ಅಂದರೆ ಓದಿದ್ದು ಕೇಳಿದ್ದು ನಿಜವೇ ಎಂದು ಪರಿಶೀಲಿಸಲು ಕಲಿಸುವುದರ, ಸರದಿ ಬಂತು. ಹವಾಮಾನ ಬದಲಾವಣೆಯಂತೂ ಮಾನದಂಡಗಳೊಳಗೇ ಸೇರಿಕೊಂಡಿದೆ. ಇವುಗಳಲ್ಲಿ ಯಾವುದನ್ನೂ ಬೇಡವೆನ್ನಲು ನನಗೆ ಮನಸ್ಸಿಲ್ಲ. ಆದರೆ ಶಾಲೆಯ ವರ್ಷ ಆಗಲೂ 180 ದಿನಗಳದ್ದು, ಈಗಲೂ 180 ದಿನಗಳದ್ದೇ. ಏನು ಸೇರಬೇಕೆಂದು ಶಾಸನಸಭೆ ಹೇಳುತ್ತದೆ. ಏನನ್ನು ಬಿಡಬೇಕೆಂಬ ಅಪ್ರಿಯವಾದ ಕೆಲಸವನ್ನು ಶಿಕ್ಷಕರಿಗೆ ಉಳಿಸುತ್ತದೆ.

ಬಿಡುವುದರಲ್ಲಿಯೇ ಶಿಕ್ಷಕರ ನಿಜವಾದ ಜಾಣ್ಮೆ ಕಾಣುತ್ತದೆ ಎಂಬುದು ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ನಾನು ಕಂಡುಕೊಂಡದ್ದು. ಹೊಸ ಕಾನೂನು ಬಂದಾಗ ಸುಲಭವಾದ ದಾರಿಯೊಂದಿದೆ. ಮೇ ತಿಂಗಳು ಏಷ್ಯನ್ ಅಮೆರಿಕನ್ ಪರಂಪರೆಯ ತಿಂಗಳಾದ್ದರಿಂದ, ಆಗ ಒಂದು ಭಿತ್ತಿಪತ್ರ ಅಂಟಿಸಿ, ಒಂದು ವಿಡಿಯೊ ತೋರಿಸಿ, ದಾಖಲೆಯಲ್ಲಿ ಗುರುತು ಹಾಕಿಕೊಂಡರೆ ಲೆಕ್ಕ ಚುಕ್ತಾ ಆಗುತ್ತದೆ. ಅನೇಕ ಕಡೆ ಹೀಗೆಯೇ ನಡೆಯುತ್ತದೆ. ನಾನು ಸಹಾಯಕಿಯಾಗಿರುವ ಎಂಟನೆಯ ತರಗತಿಯ ಶಿಕ್ಷಕಿ ಆ ದಾರಿ ಹಿಡಿಯಲಿಲ್ಲ. ಅವರಿಗಿದ್ದ ತೊಡಕು ಕಾಲಾನುಕ್ರಮದ್ದು. ಎಂಟನೆಯ ತರಗತಿಯವರೆಗಿನ ಅಮೆರಿಕದ ಇತಿಹಾಸವು 1877ರಲ್ಲಿ, ಅಂತರ್ಯುದ್ಧದ ನಂತರದ ಪುನರ್‌ನಿರ್ಮಾಣದ ಕಾಲ ಮುಗಿಯುವಲ್ಲಿಗೆ, ನಿಲ್ಲುತ್ತದೆ. ಚೀನೀಯರ ವಲಸೆಯನ್ನು ತಡೆದ ಕಾನೂನು 1882ರದ್ದು. ಭಾರತೀಯರ ಮಾತು ಬರುವುದು ಅದಕ್ಕಿಂತಲೂ ಈಚೆಗೆ. ಹಾಗಿರುವಾಗ ಈ ಚರಿತ್ರೆಯನ್ನು ಎಲ್ಲಿ ಸೇರಿಸುವುದು?

ಅವರು ಆರಿಸಿಕೊಂಡದ್ದು 1790ರ ಪೌರತ್ವ ಕಾನೂನನ್ನು. ಹೊಸ ರಾಷ್ಟ್ರದ ಮೊದಲ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಮಾಡಿದ ಆ ಕಾನೂನು, ಎರಡು ವರ್ಷ ಇಲ್ಲಿ ವಾಸವಿದ್ದ ‘ಸ್ವತಂತ್ರ ಬಿಳಿಯ ವ್ಯಕ್ತಿ’ಗೆ ಮಾತ್ರ ಪೌರತ್ವ ಪಡೆಯುವ ಅವಕಾಶವನ್ನು ಕೊಟ್ಟಿತ್ತು. ಹಿಂದೆಲ್ಲ ಸಂವಿಧಾನದ ಘಟಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಈ ಕಾನೂನಿಗೆ ಅವರು ಎರಡು ಪೂರ್ತಿ ಪೀರಿಯಡ್‌ಗಳನ್ನು ಕೊಟ್ಟರು. ಮೊದಲ ದಿನ ಕಾನೂನಿನ ಪಠ್ಯವನ್ನಷ್ಟೇ ಓದಿಸಿ, ಇದರಿಂದ ಯಾರು ಒಳಗಾದರು, ಯಾರು ಹೊರಗುಳಿದರು ಎಂದು ಕೇಳಿದರು. ಎರಡನೆಯ ದಿನ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯ ತೀರ್ಪಿನ ಒಂದು ತುಣುಕನ್ನು ಮುಂದಿಟ್ಟರು. ಪಂಜಾಬಿನಿಂದ ಬಂದು, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಥಿಂಡ್ ಅವರಿಗೆ ಪೌರತ್ವ ಸಲ್ಲದು ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ಹೇಳಿದ್ದು, 1790ರ ಕಾನೂನಿನಿಂದ ಉಳಿದುಬಂದ ಅದೇ ನಿಬಂಧನೆಯ ಬಲದಿಂದ. ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು ಅಲ್ಲಿಗೆ ಸುಮ್ಮನಾಗಲಿಲ್ಲ. ಕಾನೂನೇ ಅನ್ಯಾಯದ್ದೆಂದು ಥಿಂಡ್ ವಾದಿಸಲಿಲ್ಲ, ತಾನು ಮೇಲ್ಜಾತಿಯ ಆರ್ಯನಾದ್ದರಿಂದ ತಾನೂ ಬಿಳಿಯನೇ ಎಂದು ವಾದಿಸಿದ ಎಂಬುದನ್ನು ಹಾಳೆಯಲ್ಲಿ ಮೊದಲು ಗುರುತಿಸಿದವಳು ಸಾಮಾನ್ಯವಾಗಿ ಬಾಯಿಯೇ ಬಿಡದ ಒಬ್ಬ ಹುಡುಗಿ. ಜಾತಿಯ ಮಾತು ಬಂದಾಗ ತರಗತಿಯ ಭಾರತೀಯ ಮಕ್ಕಳು ಮುಖ ಮುಖ ನೋಡಿಕೊಂಡರು. ಶಿಕ್ಷಕಿ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ತಾನೇ ಏನು ಹೇಳಬೇಕಿತ್ತು? ಸಂತ್ರಸ್ತನಾದವನ ವಾದವೂ ಪರೀಕ್ಷೆಗೆ ಒಳಗಾಗಬೇಕು ಎಂಬುದನ್ನು ಯಾವ ಮಾನದಂಡದ ಸಾಲೂ ಅಷ್ಟು ಚೆನ್ನಾಗಿ ಕಲಿಸಲಾರದು.

ಇದೇ ಕ್ರಮದಲ್ಲಿ ಅವರು ಕಟ್ಟಿದ ಇನ್ನೊಂದು ಪಾಠ ನ್ಯೂಜೆರ್ಸಿಯದ್ದೇ. 1776ರ ಈ ರಾಜ್ಯದ ಸಂವಿಧಾನವು ಐವತ್ತು ಪೌಂಡಿನ ಆಸ್ತಿಯುಳ್ಳ ‘ಎಲ್ಲ ನಿವಾಸಿಗಳಿಗೆ’ ಮತದಾನದ ಹಕ್ಕನ್ನು ಕೊಟ್ಟಿತ್ತು. ಮದುವೆಯಾದ ಹೆಣ್ಣಿನ ಆಸ್ತಿ ಗಂಡನದಾಗುತ್ತಿದ್ದ ಕಾಲವದು. ಹಾಗಾಗಿ ಅವಿವಾಹಿತೆಯರೂ ವಿಧವೆಯರೂ ಮತ ಹಾಕಿದರು, ಆಸ್ತಿಯುಳ್ಳ ಸ್ವತಂತ್ರ ಕಪ್ಪು ಜನರೂ ಹಾಕಿದರು. 1807ರಲ್ಲಿ ಶಾಸನಸಭೆ ಅದನ್ನು ಕಿತ್ತುಕೊಂಡು, ತೆರಿಗೆ ಕಟ್ಟುವ ಬಿಳಿಯ ಗಂಡಸರಿಗೆ ಸೀಮಿತಗೊಳಿಸಿತು. ಮಾಂಟ್‌ಗೊಮರಿ ಟೌನ್‌ಶಿಪ್‌ನ 1801ರ ಮತದಾರರ ಪಟ್ಟಿಯಲ್ಲಿ ಹೆಂಗಸರ ಹೆಸರುಗಳು ಇಂದಿಗೂ ಓದಲು ಸಿಗುತ್ತವೆ. ಆ ಪಟ್ಟಿಯ ಪ್ರತಿಯನ್ನು ಮಕ್ಕಳಿಗೆ ಕೊಟ್ಟು ಹೆಸರು ಹುಡುಕಲು ಹೇಳಿದಾಗ, ಅಲ್ಲಿಯವರೆಗೆ ಇತಿಹಾಸ ಎಂದರೆ ವರ್ಷದಿಂದ ವರ್ಷಕ್ಕೆ ಹಕ್ಕುಗಳು ಹೆಚ್ಚುತ್ತಾ ಹೋಗುವ ಕಥೆ ಎಂದುಕೊಂಡಿದ್ದವರಿಗೆ ಹಕ್ಕು ಹಿಂದಕ್ಕೂ ಹೋಗಬಲ್ಲದು ಎಂಬುದು ಕಣ್ಣಾರೆ ಕಂಡಿತು. ಇದಕ್ಕಾಗಿ ಅವರು ಬ್ರಿಟನ್ನಿನೊಡನೆ ನಡೆದ 1812ರ ಯುದ್ಧವನ್ನು ಒಂದು ಪೀರಿಯಡ್‌ಗೆ ಇಳಿಸಿದರು. ಕದನಗಳ ವಿವರದಲ್ಲಿ ಆಸಕ್ತಿಯುಳ್ಳ ಅವರ ಸಹೋದ್ಯೋಗಿಯೊಬ್ಬರಿಗೆ ಅದು ಇನ್ನೂ ಸಮಾಧಾನವಾಗಿಲ್ಲ.

ಆರನೆಯ ತರಗತಿಯ ಪ್ರಾಚೀನ ಭಾರತದ ಘಟಕದ ವಿಷಯವನ್ನೂ ಹೇಳಲೇಬೇಕು, ಏಕೆಂದರೆ ಊರಿನವರು ನನ್ನನ್ನು ಹೆಚ್ಚಾಗಿ ಕೇಳುವುದು ಅದನ್ನೇ. ಹಳೆಯ ಪುಸ್ತಕಗಳಲ್ಲಿ ಸಿಂಧೂ ಕಣಿವೆ, ಜಾತಿಯ ಪಿರಮಿಡ್ ಚಿತ್ರ, ಹಸು ಎಂಬಷ್ಟಕ್ಕೆ ಭಾರತ ಮುಗಿಯುತ್ತಿತ್ತು. ಆ ವಾರ ನಮ್ಮ ಮಕ್ಕಳು ತಲೆ ತಗ್ಗಿಸಿ ಕುಳಿತುಕೊಳ್ಳುತ್ತಿದ್ದರು. ಆ ತರಗತಿಯ ತರುಣ ಶಿಕ್ಷಕ ಈಗ ಅಶೋಕನ ಹದಿಮೂರನೆಯ ಬಂಡೆಗಲ್ಲು ಶಾಸನದ ಅನುವಾದವನ್ನು ಓದಿಸುತ್ತಾರೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸಾಗಿಸಲಾಯಿತು ಎಂದು ರಾಜನೇ ಹೇಳಿಕೊಂಡು ಮರುಗುವ ಶಾಸನವದು. ಅವರ ಪ್ರಶ್ನೆ ಒಂದೇ: ತನ್ನ ಬಗ್ಗೆ ತಾನೇ ಕೆತ್ತಿಸಿದ ರಾಜನ ಮಾತನ್ನು ಎಷ್ಟು ನಂಬಬೇಕು? ಪಾಠಕ್ಕೆ ಮುಂಚೆ ಅವರು ನನ್ನೊಡನೆ ಕುಳಿತಾಗ ನಾನು ಎರಡು ಸಂಗತಿಗಳನ್ನು ಕೊಟ್ಟೆ. ಕಳಿಂಗದ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ ಪಶ್ಚಾತ್ತಾಪದ ಶಾಸನವನ್ನು ಕೆತ್ತಿಸಿಲ್ಲ, ಅದರ ಬದಲು ಬೇರೆ ಶಾಸನಗಳಿವೆ ಎಂಬುದು ಒಂದು. ‘ದೇವಾನಾಂಪಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಅದೂ ಚಿನ್ನ ಹುಡುಕಲು ಹೋದ ಎಂಜಿನಿಯರ್ ಒಬ್ಬನಿಗೆ ಎಂಬುದು ಇನ್ನೊಂದು. ಸೋತವರ ನಾಡಿನಲ್ಲಿಯೇ ರಾಜ ತನ್ನ ಮರುಕವನ್ನು ಏಕೆ ಬರೆಸಲಿಲ್ಲ ಎಂಬ ಪ್ರಶ್ನೆಗೆ ಆ ಮಕ್ಕಳು ಬರೆದ ಉತ್ತರಗಳನ್ನು ಓದುತ್ತ, ಊರಿನಲ್ಲಿ ಕಳಿಂಗ ಯುದ್ಧದ ಪರಿಣಾಮಗಳನ್ನು ನಾಲ್ಕು ಅಂಶಗಳಲ್ಲಿ ಬರೆಸಿ ನಾಲ್ಕು ಅಂಕ ಕೊಡುತ್ತಿದ್ದ ದಿನಗಳು ನೆನಪಾದವು. ಜಾತಿಯನ್ನು ಅವರು ಈಗಲೂ ಕಲಿಸುತ್ತಾರೆ, ಕಲಿಸಬೇಕಾದದ್ದೂ ಹೌದು. ಆದರೆ ಭಾರತವೆಂದರೆ ಒಂದು ಪಿರಮಿಡ್ ಎಂಬ ಸ್ಥಿತಿ ಈಗಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹತ್ತಿರದ ಚರಿತ್ರೆಗೆ. 1987ರಲ್ಲಿ ಜರ್ಸಿ ಸಿಟಿಯಲ್ಲಿ, ಹಣೆಯ ಕುಂಕುಮವನ್ನು ಗುರಿಮಾಡಿ ‘ಡಾಟ್‌ಬಸ್ಟರ್ಸ್’ ಎಂದು ಕರೆದುಕೊಂಡ ಗುಂಪೊಂದು ಭಾರತೀಯರನ್ನು ಊರು ಬಿಡಿಸುವುದಾಗಿ ಪತ್ರಿಕೆಗೆ ಪತ್ರ ಬರೆದಿತ್ತು. ಅದೇ ವರ್ಷ ಪಕ್ಕದ ಹೊಬೊಕನ್‌ನಲ್ಲಿ ನವರೋಜ್ ಮೋದಿ ಎಂಬವರು ಹಲ್ಲೆಗೊಳಗಾಗಿ ತೀರಿಕೊಂಡರು. ಭಾರತೀಯ ಅಂಗಡಿ ಹೋಟೆಲುಗಳ ಓಕ್ ಟ್ರೀ ರಸ್ತೆಯಲ್ಲಿ ದೋಸೆ ತಿಂದು ಬೆಳೆದ ಮಕ್ಕಳಿಗೆ ಇದು ಗೊತ್ತೇ ಇಲ್ಲ, ಅನೇಕ ತಂದೆತಾಯಿಯರಿಗೂ ಗೊತ್ತಿಲ್ಲ. ಪೌರನೀತಿಯ ತರಗತಿಯಲ್ಲಿ ಇದನ್ನು ಕಲಿಸಬೇಕೇ ಎಂದು ಶಿಕ್ಷಕರು ಬಹಳ ಚರ್ಚಿಸಿ, ಕೊನೆಗೆ ರಾಜ್ಯದ ದಕ್ಷಿಣದ ಸೀಬ್ರುಕ್ ಫಾರ್ಮ್ಸ್‌ನ ಕಥೆಯ ಜೊತೆಗಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಸೆರೆಶಿಬಿರಗಳಿಗೆ ತಳ್ಳಲ್ಪಟ್ಟಿದ್ದ ಜಪಾನೀ ಮೂಲದವರಲ್ಲಿ ಸುಮಾರು ಎರಡೂವರೆ ಸಾವಿರ ಜನ 1944ರಿಂದೀಚೆಗೆ ತರಕಾರಿ ಸಂಸ್ಕರಿಸುವ ಕೆಲಸಕ್ಕೆಂದು ಬಂದು ನೆಲೆಸಿದ ಜಾಗವದು. ಎರಡನ್ನೂ ಒಟ್ಟಿಗೆ ಓದಿದಾಗ ಇದು ಬರಿಯ ಭಾರತೀಯರ ದೂರು ಎನಿಸದೆ, ಈ ರಾಜ್ಯದ ಚರಿತ್ರೆಯಾಗಿಯೇ ಕಂಡಿತು.

ಹೀಗೆ ಹೇಳುತ್ತ ಹೋದರೆ ಎಲ್ಲವೂ ಸೊಗಸಾಗಿ ನಡೆಯುತ್ತಿದೆ ಎನಿಸಬಹುದು. ಹಾಗೇನಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ದಾಖಲೆಯನ್ನು ಕಳೆದ ವರ್ಷವಷ್ಟೇ ದೇಶಕ್ಕೆ ಬಂದ ಮಗು ಓದಲಾರದು. ಅದನ್ನು ಎರಡು ಮೂರು ಮಟ್ಟಗಳಲ್ಲಿ ಸರಳಗೊಳಿಸಿ, ಕಠಿಣ ಪದಗಳಿಗೆ ಅಂಚಿನಲ್ಲಿ ಅರ್ಥ ಬರೆದು, ಆದರೂ ಮೂಲದ ದನಿ ಕೆಡದಂತೆ ನೋಡಿಕೊಳ್ಳಬೇಕು. ನನ್ನಂಥ ಸಹಾಯಕಿಯರ ದಿನದ ಬಹುಪಾಲು ಇದರಲ್ಲಿಯೇ ಹೋಗುತ್ತದೆ. ಅನುಕೂಲವುಳ್ಳ ಡಿಸ್ಟ್ರಿಕ್ಟ್‌ಗಳು ಬೇಸಿಗೆಯಲ್ಲಿ ಶಿಕ್ಷಕರಿಗೆ ಸಂಬಳ ಕೊಟ್ಟು ಪಾಠಗಳನ್ನು ಬರೆಸುತ್ತವೆ; ಅನುಕೂಲವಿಲ್ಲದ ಕಡೆ ಶಿಕ್ಷಕರು ರಾತ್ರಿ ಮನೆಯಲ್ಲಿ ಕುಳಿತು, ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹ ಮತ್ತು ಉಚಿತವಾಗಿ ಸಿಗುವ ಪಾಠಗಳನ್ನು ಜೋಡಿಸಿಕೊಳ್ಳುತ್ತಾರೆ. ಪುಸ್ತಕವಿಲ್ಲದ ಪಠ್ಯಕ್ರಮವು ಒಳ್ಳೆಯ ಶಿಕ್ಷಕರಿಗೆ ಕೊಡುವ ಸ್ವಾತಂತ್ರ್ಯ ನಿಜವಾದದ್ದು, ಆದರೆ ಪಕ್ಕಪಕ್ಕದ ಎರಡು ಊರುಗಳ ಮಕ್ಕಳ ನಡುವೆ ಅದು ತರುವ ಅಂತರವೂ ಅಷ್ಟೇ ನಿಜ. ನಮ್ಮ ಸರ್ಕಾರಿ ಪುಸ್ತಕದ ಮೇಲೆ ಎಷ್ಟೇ ಸಿಟ್ಟಿದ್ದರೂ, ಬೀದರಿನ ಮಗುವಿಗೂ ಬೆಂಗಳೂರಿನ ಮಗುವಿಗೂ ಅದು ಒಂದೇ ಎಂಬ ಗುಣವನ್ನು ನಾನು ಇಲ್ಲಿಗೆ ಬಂದ ಮೇಲೆಯೇ ಗಮನಿಸಿದೆ.

ಪ್ರಾಥಮಿಕ ಹಂತದ ಪಾಡು ಬೇರೆ. ರಾಜ್ಯದ ವಾರ್ಷಿಕ ಪರೀಕ್ಷೆ ಇರುವುದು ಇಂಗ್ಲಿಷ್, ಗಣಿತ ಮತ್ತು ವಿಜ್ಞಾನಕ್ಕೆ; ಸಮಾಜ ವಿಜ್ಞಾನಕ್ಕೆ ಇಲ್ಲ. ಪರೀಕ್ಷೆಯಿಲ್ಲದ ವಿಷಯಕ್ಕೆ ದಿನದ ಕೊನೆಯ ಅರ್ಧ ಗಂಟೆ ಸಿಕ್ಕರೆ ಹೆಚ್ಚು.

ನಮ್ಮವರೂ ಈ ಉದಾಸೀನಕ್ಕೆ ಹೊರತಲ್ಲ. ವರ್ಷಾರಂಭದ ಪಾಲಕರ ಸಂಜೆಗೆ ಬರುವ ಕನ್ನಡಿಗರು ಗಣಿತದ ಮೇಲಿನ ಹಂತಕ್ಕೆ ಮಗು ಯಾವಾಗ ಸೇರಬಹುದೆಂದು ವಿಚಾರಿಸುತ್ತಾರೆ, ಸಮಾಜ ವಿಜ್ಞಾನದ ಕೊಠಡಿಯಿಂದ ಕೈಮುಗಿದು ಬೇಗನೆ ಹೊರಡುತ್ತಾರೆ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬರು, ‘ಅಕ್ಕಾರ, ಈ ಸೋಷಿಯಲ್‌ಗೆ ಮಾರ್ಕ್ಸ್ ಇಲ್ಲಂದ್ರ ಮತ್ಯಾಕ ಇಷ್ಟ್ ಬರಸ್ತಾರ್ರೀ?’ ಎಂದು ಕೇಳಿದರು. ಅವರ ಮಗ ಥಿಂಡ್ ಮೊಕದ್ದಮೆಯ ಬಗ್ಗೆ ಎರಡು ಪುಟ ಬರೆದಿದ್ದ. ಅದನ್ನು ಓದಿದ್ದೀರಾ ಎಂದು ನಾನು ಕೇಳಿದೆ. ಓದಿರಲಿಲ್ಲ. ನಮ್ಮ ಡಿಸ್ಟ್ರಿಕ್ಟ್‌ನ ಶಾಲಾ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಪಠ್ಯಕ್ರಮವೂ ಅಲ್ಲಿಯೇ ಅಂಗೀಕಾರವಾಗುತ್ತದೆ, ಮಾತನಾಡಲು ಪ್ರತಿಯೊಬ್ಬರಿಗೂ ಕೆಲವು ನಿಮಿಷ ಕೊಡುತ್ತಾರೆ ಎಂದು ಹೇಳಿದೆ. ಮುಂದಿನ ಸಭೆ ಯಾವಾಗ ಎಂದು ಅವರು ಕೇಳಿ ಫೋನಿನಲ್ಲಿ ಬರೆದುಕೊಂಡರು. ಅಂದು ಸಂಜೆ ಮಗನ ಸ್ವಿಮ್ಮಿಂಗ್ ಕ್ಲಾಸ್ ಇದೆ, ಆದರೂ ನೋಡೋಣ ಎಂದರು.