ಬೆಳಗ್ಗೆ ಮಾತ್ರ ಕೈಕೊಡುತ್ತಿದ್ದ ಕಪ್ಪು ಫೋನು

ಶೆಡ್ಡಿನ ಕಪ್ಪು ಫೋನಿನಲ್ಲಿ 23 ತಿರುಗಿಸಿದೆ, ಅಡುಗೆಮನೆಯಲ್ಲಿ ಗಂಟೆ ಹೊಡೆಯಿತು. ಅದೂ ಬೆಳಗ್ಗೆ ಆರೂವರೆಗೆ, ಜಡಿಮಳೆಯಲ್ಲಿ! ಹನ್ನೊಂದು ದಿನ ಕಾಡಿದ ತೊಂದರೆ ತೀರಿತು.

ತೀರ್ಥಹಳ್ಳಿ ಕಡೆಯ ನಮ್ಮ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಅದಕ್ಕಾಗಿಯೇ ಮನೆ, ಕೊಟ್ಟಿಗೆ, ಅಡಿಕೆ ಬೇಯಿಸುವ ಶೆಡ್ಡು ಮೂರನ್ನೂ ಕಚೇರಿಯೊಂದರ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಗೆ, ಅಂದರೆ ಒಳಗಿನ ಫೋನುಗಳನ್ನು ಒಂದಕ್ಕೊಂದು ಕೂಡಿಸುವ ಪುಟ್ಟ ಎಕ್ಸ್‌ಚೇಂಜಿಗೆ, ಜೋಡಿಸುತ್ತಿದ್ದೇನೆ. ಕೇಬಲ್ ಎಳೆದು, ಸಿಡಿಲಿಗೆ ರಕ್ಷಣೆಯನ್ನೂ ಕೂರಿಸಿದೆ. ಪೆಟ್ಟಿಗೆ ಮಾರಿದ ಶಿವಮೊಗ್ಗದ ಅಂಗಡಿಯವರ ಮೇಲೆ ಮಾತ್ರ ನನಗಿನ್ನೂ ಸಿಟ್ಟಿದೆ. "ಯಾವ ಫೋನನ್ನಾದರೂ ಯಾವ ಪೋರ್ಟಿಗಾದರೂ ಸಿಕ್ಕಿಸಿ" ಎಂದಿದ್ದರು. ಎಂಟರಲ್ಲಿ ನಾಲ್ಕು ಪೋರ್ಟುಗಳು ಪೆಟ್ಟಿಗೆಯ ಜೊತೆಗೆ ಬರುವ ಡಿಜಿಟಲ್ ಫೋನಿಗಷ್ಟೇ ಮೀಸಲು. ಸಾಮಾನ್ಯ ಫೋನು ಅಲ್ಲಿ ಮೂಕ. ಪ್ರೋಗ್ರಾಮಿಂಗ್ ಪುಸ್ತಕದ ಜೆರಾಕ್ಸ್ ಮೂರು ಸಲ ಗೋಗರೆದ ಮೇಲೆ ಬಂತು, ಅದೂ ಅಂಚು ಕತ್ತರಿಸಿಹೋದದ್ದು.

ತೊಂದರೆ ಇಷ್ಟೇ: ಶೆಡ್ಡಿನ ಕಪ್ಪು ಫೋನು, ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಂಪನಿಯ ಡಯಲ್ ತಿರುಗಿಸುವಂಥದ್ದು, ಹೊಳವಾದ ಮಧ್ಯಾಹ್ನಗಳಲ್ಲಿ ಸಲೀಸಾಗಿ ನಂಬರ್ ಹಿಡಿಯುತ್ತಿತ್ತು. ಬೆಳಗ್ಗೆ ಮಾತ್ರ ಎಷ್ಟು ತಿರುಗಿಸಿದರೂ ಮತ್ತೆ ಡಯಲ್ ಟೋನ್. ಕೇಬಲ್ಲಿಗೆ ನೀರು ಇಳಿದಿದೆಯೆಂದು ಮೂರು ದಿನ ಉಂಬಳ ಕಚ್ಚಿಸಿಕೊಳ್ಳುತ್ತಾ ತೋಟದ ಉದ್ದಕ್ಕೂ ಓಡಾಡಿದೆ. ಜಾಯಿಂಟುಗಳೆಲ್ಲ ಒಣಗಿಯೇ ಇದ್ದವು.

ಕೊನೆಗೆ ಡಯಲ್ ಹಿಂದಿರುಗುವ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಅಲೆಗಳನ್ನು ಹಿಗ್ಗಿಸಿ ನೋಡಿದೆ. ಡಯಲ್ ಹಿಂದಿರುಗುವಾಗ ಲೈನನ್ನು ಅಂಕಿಗೆ ತಕ್ಕಷ್ಟು ಸಲ ಕಡಿದು ಕೂಡಿಸುತ್ತದೆ, ಒಂದೊಂದು ಸಲವೂ ಒಂದು ಪಲ್ಸ್. ಸೊನ್ನೆಗೆ ಹತ್ತು ಪಲ್ಸ್, ಒಂದು ಸೆಕೆಂಡಿನಲ್ಲಿ ಮುಗಿಯಬೇಕು. ಮಧ್ಯಾಹ್ನ 1.2 ಸೆಕೆಂಡ್ ಹಿಡಿಯುತ್ತಿತ್ತು, ಬೆಳಗ್ಗೆ 1.4. ಪ್ರತಿ ಪಲ್ಸಿನ ಮೂರರಲ್ಲಿ ಎರಡು ಪಾಲು ಹೊತ್ತು ಲೈನ್ ಕಡಿದಿರುತ್ತದೆ. ಸುಮಾರು 67 ಮಿಲಿಸೆಕೆಂಡ್ ಇರಬೇಕಾದ ಕಡಿತ ಬೆಳಗಿನ ಹೊತ್ತು 93 ಆಗುತ್ತಿತ್ತು. ಪೆಟ್ಟಿಗೆಯಲ್ಲಿ ಫ್ಲ್ಯಾಶ್, ಅಂದರೆ ಕರೆ ದಾಟಿಸಲು ಲೈನನ್ನು ಕ್ಷಣಕಾಲ ಕಡಿಯುವ ಸೂಚನೆ, ಶುರುವಾಗುವುದೇ 90ಕ್ಕೆ! ನಾನು ಎರಡು ತಿರುಗಿಸಿದರೆ ಅದು ಫ್ಲ್ಯಾಶ್ ಎಂದುಕೊಂಡು ಹೊಸ ಟೋನ್ ಕೊಡುತ್ತಿತ್ತು.

ಫ್ಲ್ಯಾಶ್ ಮಿತಿಯನ್ನು 150ಕ್ಕೆ ಏರಿಸಿದೆ. ಕಪ್ಪು ಫೋನು ಸರಿಹೋಯಿತು, ಅಡುಗೆಮನೆಯ ಬಟನ್ ಫೋನು ಮುನಿಯಿತು. ಅದರ ಫ್ಲ್ಯಾಶ್ ಗುಂಡಿಯ ಕಡಿತ ಬರೀ 100 ಮಿಲಿಸೆಕೆಂಡ್. ಬೆಂಗಳೂರಿನಿಂದ ಬಂದ ಕರೆಯನ್ನು ಕೊಟ್ಟಿಗೆಯಲ್ಲಿದ್ದ ಅಣ್ಣನಿಗೆ ದಾಟಿಸಲಾಗದೆ ಅತ್ತಿಗೆ, "ಆ ಹಳೆಯದಕ್ಕಾಗಿ ನನ್ನ ಫೋನನ್ನು ಯಾಕೆ ಕೆಡಿಸುತ್ತೀಯ?" ಎಂದರು. ಅವರ ಮಾತು ನ್ಯಾಯವೇ. ಮಿತಿಯನ್ನು 90ಕ್ಕೆ ಇಳಿಸಿ, ಡಯಲ್ ಬಿಚ್ಚಿದೆ.

ಡಯಲಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಮೇಲೆ ಹಳೆಯ ಎಣ್ಣೆ ಜೋನಿಬೆಲ್ಲದ ಹಾಗೆ ಕಟ್ಟಿಕೊಂಡಿತ್ತು. ಬೆಳಗಿನ ಥಂಡಿಗೆ ಗಟ್ಟಿ, ಮಧ್ಯಾಹ್ನದ ಕಾವಿಗೆ ತೆಳು. ಕಡ್ಡಿಗೆ ಹತ್ತಿ ಸುತ್ತಿ, ಪೆಟ್ರೋಲಿನಲ್ಲಿ ಅದ್ದಿ, ವರ್ಮ್ ಗೇರಿನ ಒಂದೊಂದೇ ಹಲ್ಲು ಒರೆಸಿದೆ. ಅಚ್ಚಿನ ಎರಡು ತುದಿಗೂ ಸೂಜಿಮೊನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಮುಟ್ಟಿಸಿದೆ. ತೂಕದ ಗುಂಡುಗಳು ಉಜ್ಜುವ ಬಟ್ಟಲಿಗೆ ಮಾತ್ರ ಎಣ್ಣೆ ತಾಗಕೂಡದು. ತಾಗಿದರೆ ಡಯಲ್ ಲಂಗುಲಗಾಮಿಲ್ಲದೆ ಓಡುತ್ತದೆ. ಮರುದಿನ ಬೆಳಗ್ಗೆ ಸೊನ್ನೆಗೆ 1.02 ಸೆಕೆಂಡ್. ತಡವರಿಸುತ್ತಿದ್ದ ಸದ್ದು ಈಗ ಗಿರ್ರೆಂದು ಒಂದೇ ಉಸಿರಿನದು, ಕೇಳುತ್ತಲೇ ಇರಬೇಕೆನಿಸುತ್ತದೆ.

ಈ ನಡುವೆ ಸಾಗರದ ಗೆಳೆಯರೊಬ್ಬರು ಹಿಡಿಕೆ ತಿರುಗಿಸುವ ಮ್ಯಾಗ್ನೆಟೊ ಫೋನು ಕೊಡುತ್ತೇನೆ ಎಂದಿದ್ದಾರೆ! ಅದರ ಮಾತಿಗೆ ಅದರದೇ ಬ್ಯಾಟರಿ. ಹಿಡಿಕೆಯಿಂದ ಹುಟ್ಟುವ ಎಸಿ ಕರೆಂಟನ್ನು ನೇರವಾಗಿ ಪೋರ್ಟಿಗೆ ಬಿಡುವಂತಿಲ್ಲ. ಆ ಎಸಿಯನ್ನು ಗುರುತಿಸಿ ಲೂಪ್ (ಲೈನಿನ ಸರ್ಕ್ಯೂಟ್) ಮುಚ್ಚಲು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಒಂದು, ಮಾತು ದಾಟಿಸಲು 600 ಓಮ್‌ನ ಟ್ರಾನ್ಸ್‌ಫಾರ್ಮರ್ ಒಂದು ಬೇಕು. ಕೊಯ್ಲು ಶುರುವಾಗುವುದರೊಳಗೆ ಎರಡನ್ನೂ ಹುಡುಕಬೇಕು. ಆ ಅಂಗಡಿಗೆ ಮಾತ್ರ ಇನ್ನು ಕಾಲಿಡುವುದಿಲ್ಲ.