ಕಲಬುರಗಿ, ಬೀದರ್, ಬಸವಕಲ್ಯಾಣ ಕಾರಾಗ ಹೋಗೋರಿದ್ರ ಇದೊಂದ್ಸಲ ಓದ್ಕೊಂಡ್ ಹೋಗ್ರಿ

ಮೊದ್ಲೇ ಹೇಳ್ಬಿಡ್ತೀನಿ, ನಾ ಕಲಬುರಗಿಯಾವನೇ. ಬೀದರಕ್ಕ ಮದಿವಿಗಿ, ಮಯ್ಯತ್ತಿಗಿ, ಕೋರ್ಟ್ ಕೆಲ್ಸಕ್ಕ ಎಷ್ಟು ಸಲ ಹೋಗಿ ಬಂದೀನೋ ಲೆಕ್ಕಿಲ್ಲ, ಆದ್ರ ನೋಡ್ಲಿಕ್ಕಂತ ಒಂದಿನನೂ ಹೋಗಿದ್ದಿಲ್ಲ. ಡಿಸೆಂಬರ್ ರಜಾದಾಗ ಬೆಂಗಳೂರಿಂದ ಅಕ್ಕ ಭಾವ ಬಂದಿದ್ರು, ಭಾವ ಲ್ಯಾಪ್‌ಟಾಪಿನಾಗ ಒಂದು ಪಟ್ಟಿನೇ ಮಾಡ್ಕೊಂಡು ಬಂದಿದ್ರು, ಬೆಳಗ್ಗೆ ಆರಕ್ಕ ಬಿಟ್ರ ಬೀದರ್ ಬಸವಕಲ್ಯಾಣ ಎರಡೂ ಮುಗಿಸಿ ರಾತ್ರಿ ಊಟಕ್ಕ ಮನಿಗೆ ವಾಪಸ್ ಅಂತ. ಭಾವ, ಅದು ನೋಡೂದಲ್ಲ, ಹಾಜರಿ ಹಾಕೂದು ಅಂತ ನಾ ಅಂದೆ. ಜಗಳಾಡಿ ಜಗಳಾಡಿ ಮೂರು ದಿನಕ್ಕ ಒಪ್ಪಿಸಿದೆ. ಹಂಗ ಮಾಡಿದ್ದೇ ಛಲೋ ಆಯ್ತು.

ಕಲಬುರಗಿ ಕೋಟಿ (ಕೋಟೆ) ಬಗ್ಗೆ ಭಾಳ ಬರಿಯಂಗಿಲ್ಲ. 1347ರಾಗ ಶುರುವಾದ ಬಹಮನಿ ರಾಜ್ಯಕ್ಕ ರಾಜಧಾನಿ ಆಗಿದ್ದು ಇದೇ ಊರು, ಒಳಗ 1367ರ ಜಾಮಾ ಮಸೀದಿ ಅದ, ನಡಕ ಅಂಗಳನೇ ಇಲ್ಲ, ಇಡೀ ಮಸೀದಿಗೇ ಛತ್ತು. ಅಷ್ಟೇ ನೋಡಿದ್ರೂ ಸಾಕು, ಬಿಸಿಲೇರಾದ್ರಾಗ ಹೋಗ್ಬರ್ರಿ. ಮಸೀದಿ ಕಮಾನಿನ ಸಾಲಿನಾಗ ಕುಂತ್ರ ಹೊರಗ ಹುಡುಗ್ರು ಕ್ರಿಕೆಟ್ ಆಡಾ ಗದ್ದಲನೂ ಕೇಳಂಗಿಲ್ಲ. ಆಮ್ಯಾಲೆ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿನೇ ಎತ್ಕೊಂಡು ಬೀದರಕ್ಕ ಹೋದ, ನಾವೂ ಅದೇ ಕಡಿ ಹೊಂಟ್ವಿ, ಸುಮಾರು 115 ಕಿಲೋಮೀಟರ್. ಅವನಿಗೆ ಹುಮನಾಬಾದಿನಾಗ ಊಟ ಸಿಕ್ಕಿತ್ತೋ ಇಲ್ಲೋ, ನಮಗ ಸಿಕ್ತು.

ಆ ಊಟದ್ದು ಜರಾ ವಿವರವಾಗೇ ಹೇಳ್ತೀನಿ. ಹುಮನಾಬಾದ್ ಬಸ್‌ಸ್ಟ್ಯಾಂಡ್ ಹಿಂದಿನ ಸಂದಿಯಾಗ ಒಂದು ಖಾನಾವಳಿ, ಬೋರ್ಡೂ ಇಲ್ಲ, ಬಾಗಿಲಿಗಿ ಒಂದು ಹಳಿ ಸೀರಿ ಪರದೆ ಅಷ್ಟೇ. ಡ್ರೈವರ್ ಕಾಕಾ ಕರ್ಕೊಂಡ್ ಹೋದ್ರು, ಅಕ್ಕ ಒಳಗ ಬರ್ಲಿಕ್ಕೇ ಹಿಂದ ಮುಂದ ನೋಡಿದ್ಳು. ಒಳಗ ಟಪ್ ಟಪ್ ಟಪ್ ಅಂತ ರೊಟ್ಟಿ ಬಡಿಯೋ ಸಪ್ಪಳ. ಪರಾತಿನಾಗ ಆ ಆಯಿ ಬಡೀತಿದ್ರ ರೊಟ್ಟಿ ತಾನೇ ತಿರುಗ್ತಾ ಅಗಲಾಗ್ತದ, ಎತ್ತಿ ಹಂಚಿನ ಮ್ಯಾಲ ಹಾಕಿ ಮ್ಯಾಲಿಂದ ನೀರು ಸವರಿ, ತಿರುವಿ, ಆಮ್ಯಾಲೆ ಒಲಿ ಬಾಯಿಗೆ ಆನಿಸಿ ನಿಲ್ಲಿಸ್ತಾರ, ಅಲ್ಲಿ ಅದು ಪುರಿ ಉಬ್ಬಿದಂಗ ಉಬ್ಬಿ, ಒಂದ್ಕಡಿ ತೂತು ಬಿದ್ದು ಉಸಿರು ಬಿಡ್ತದ. ಆ ಉಸಿರು ಬಿಟ್ಟ ಕೂಡ್ಲೇ ತಾಟಿಗೆ. ಸಂಗಾಟ ಪುಂಡಿ ಪಲ್ಯ, ಎಣ್ಣಿಗಾಯಿ ಬದ್ನಿಕಾಯಿ, ನಮ್ಮ ಕಡಿ ತೊಗರಿ ಬ್ಯಾಳಿದು ಗಟ್ಟಿ ಸಾರು, ಶೇಂಗಾ ಹಿಂಡಿ ಮ್ಯಾಲ ಎಣ್ಣಿ, ಮೊಸರು, ಗುದ್ದಿದ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಕೊಯ್ದು ಕೊಟ್ಟಿಲ್ಲ, ಕೈಯಿಂದ ಗುದ್ದಿ ಕೊಟ್ಟಿದ್ರು, ಖರೇ ಹೇಳ್ತೀನಿ ರುಚಿನೇ ಬ್ಯಾರೆ. ಭಾವ ನಾಲ್ಕನೇ ರೊಟ್ಟಿಗೆ ಸಾಕು ಅಂತ ಕೈ ಅಡ್ಡ ಹಿಡಿದ್ರ ಆ ಆಯಿ, "ಯಪ್ಪಾ, ಇಷ್ಟೇ ಉಂಡು ಗಾಡ್ಯಾಗ ಹ್ಯಾಂಗ ಕೂಡ್ತಿ" ಅಂತ ಐದನೇದು ಹಾಕೇ ಬಿಟ್ಳು. ಒಬ್ರಿಗೆ 80 ರೂಪಾಯಿ, ಎಷ್ಟು ಬೇಕಾದ್ರೂ ಉಣ್ರಿ. ಒಂದೂವರೆ ಒಳಗ ಹೋಗ್ರಿ, ಎರಡು ಗಂಟೆಗೆ ಪಲ್ಯ ಮುಗೀತದ, ಆಮ್ಯಾಲೆ ಬರೇ ಸಾರು.

ಹುಮನಾಬಾದ್ ಹತ್ರನೇ ಜಲಸಂಗವಿ ಅದ. ಇದನ್ನ ಯಾರೂ ಪ್ಲಾನಿನಾಗ ಹಾಕಂಗಿಲ್ಲ, ದಯವಿಟ್ಟು ಹಾಕ್ರಿ. ಕಲ್ಯಾಣ ಚಾಲುಕ್ಯರ ಗುಡಿ, ಹೊರಗಿನ ಗ್ವಾಡಿಗಿ ಸುತ್ತ ಶಿಲಾಬಾಲಿಕೆಯರು, ಅವರಾಗ ಒಬ್ಬಾಕಿ ನಮಗ ಬೆನ್ನು ಮಾಡಿ ನಿಂತು ಶಾಸನ ಬರೀಲಿಕ್ಕತ್ಯಾಳ, ಆರನೇ ವಿಕ್ರಮಾದಿತ್ಯನ ಹೊಗಳಿಕಿ ಅದು, 1076ರಿಂದ 1126ರ ತನಕ ಆಳಿದಾವ. ಕಲ್ಲಿನಾಗ ಕೆತ್ತಿದ ಹೆಣ್ಮಗಳು ಕಲ್ಲಿನ ಮ್ಯಾಲೇ ಬರೀತಾಳ ನೋಡ್ರಿ! ನಾವಿದ್ದಷ್ಟೂ ಹೊತ್ತು ನಮ್ಮ ಬಿಟ್ರ ಎರಡು ಆಡು, ಒಬ್ಬ ಮುದುಕಪ್ಪ. ನಂಗ ಮಂದಿ ಅಂದ್ರ ಆಗಂಗಿಲ್ಲ, ಅದ್ಕೇ ಇದು ಭಾಳ ಹಿಡಿಸ್ತು, ಗದ್ದಲ ಬೇಕಂದೋರಿಗೆ ಹತ್ತು ನಿಮಿಷದಾಗ ಬ್ಯಾಸರ ಬರಬಹುದು.

ಈಗ ಬೀದರ್ ರೂಮಿನ ಕಥಿ. ಇದನ್ನ ಹೇಳ್ಬೇಕಂತನೇ ಬರೀಲಿಕ್ಕ ಕುಂತೀನಿ. ಮೊಬೈಲಿನಾಗ ಬುಕ್ ಮಾಡಿದ್ದು, ಎಸಿ ರೂಮು, ನಾಷ್ಟಾ ಸಮೇತ, 1,800 ರೂಪಾಯಿ, ಎರಡು ರೂಮು. ಹೋದ ಮ್ಯಾಲ ಎಸಿ ಅದ, ರಿಮೋಟ್ ಇಲ್ಲ. ಕೌಂಟರಿನಾಗ ಕೇಳಿದ್ರ ರಿಮೋಟಿಗೆ ರೂಮಿಗೊಂದು 400 ಕೊಡ್ರಿ ಅಂದ, ಡಿಪಾಜಿಟ್ ಏನಪಾ ಅಂದ್ರ ಅಲ್ಲ ಸರ್ ಚಾರ್ಜು. ಡಿಸೆಂಬರ್ ಥಂಡ್ಯಾಗ ಎಸಿ ಯಾರಿಗೆ ಬೇಕು, ಆದ್ರ ಭಾವ ಹಟಕ್ಕ ಬಿದ್ದು ರೊಕ್ಕ ಕೊಟ್ಟು ರಿಮೋಟ್ ತಂದ್ರು, ಒಳಗ ಸೆಲ್ಲೇ ಇಲ್ಲ! ಬಿಸಿನೀರು ಆರರಿಂದ ಏಳರ ತನಕ ಅಂತ ರಾತ್ರಿ ಹೇಳ್ಲಿಲ್ಲ, ಏಳೂಕಾಲಕ್ಕ ನಲ್ಲಿ ತಿರುವಿದಾಗ ಹೇಳಿದ. ನಾಷ್ಟಾ ಅಂದ್ರ ನಾಲ್ಕು ಬ್ರೆಡ್ಡು, ತಣ್ಣನ್ ಚಹಾ. ಹೆಸ್ರು ಬರಿಯಂಗಿಲ್ಲ, ಬರೆದ್ರೂ ಉಪಯೋಗಿಲ್ಲ, ಪಕ್ಕದ ಲಾಡ್ಜಿನಾಗೂ ಅದೇ ಕಥಿ ಅಂತ ಅಲ್ಲಿ ಇಳ್ದವ್ರೇ ಹೇಳಿದ್ರು. ನೀವು ಮಾತ್ರ ಬ್ಯಾಗು ಗಾಡ್ಯಾಗೇ ಬಿಟ್ಟು ಮೊದ್ಲು ರೂಮು ನೋಡ್ರಿ, ನಲ್ಲಿ ತಿರುವ್ರಿ, ಎಸಿ ಚಾಲೂ ಮಾಡಿಸ್ರಿ, ಆಮ್ಯಾಲೆ ಆಧಾರ್ ಕಾರ್ಡ್ ಕೊಡ್ರಿ. ಕಾರ್ಡ್ ಕೊಟ್ಟು ರಜಿಸ್ಟರಿನಾಗ ಸಹಿ ಹಾಕಿದ್ ಮ್ಯಾಲ ಯಾರೂ ನಿಮ್ಮ ಮಾತು ಕೇಳಂಗಿಲ್ಲ.

ಇಷ್ಟಾದ್ರೂ ಬೀದರಿನಾಗ ವಸ್ತಿ ಇರಬ್ಯಾಡ್ರಿ ಅಂತ ನಾ ಹೇಳಂಗಿಲ್ಲ, ಯಾಕಂದ್ರ ಅಷ್ಟೂರು ನೋಡೂದು ಬೆಳಗ್ಗೆನೇ. ಊರಿಂದ ಜರಾ ಹೊರಗ ಬಹಮನಿ ಸುಲ್ತಾನರ ಗೋರಿ ಗುಮ್ಮಟಗಳು ಸಾಲಾಗಿ ನಿಂತಾವ, ನಾವು ಹೋದಾಗ ಮಂಜು ಬಿದ್ದಿತ್ತು, ಗುಮ್ಮಟದ ತೆಲಿ ಅಷ್ಟೇ ಕಾಣ್ತಿದ್ವು. ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ ಸಿಡಿಲಿಗೆ ಅರ್ಧ ಸೀಳಿ ಹೋಗ್ಯದ, ಒಳಗಿನ ಗ್ವಾಡಿ ದಪ್ಪ ಎಷ್ಟು ಅಂತ ಹೊರಗ ನಿಂತೇ ನೋಡಬಹುದು. ರಾಜಧಾನಿ ಎತ್ಕೊಂಡು ಬಂದ ಅದೇ ಅಹ್ಮದ್ ಶಾ ವಲಿ ಗುಮ್ಮಟದ ಒಳಗ ಬಣ್ಣದ ಚಿತ್ತಾರ, ಕತ್ತಲ ಭಾಳ, ಕಣ್ಣು ಹೊಂದ್ಲಿಕ್ಕ ಎರಡು ನಿಮಿಷ ಸುಮ್ನ ನಿಂದ್ರಿ, ಮೊಬೈಲ್ ಟಾರ್ಚ್ ಹಚ್ಚಬ್ಯಾಡ್ರಿ. ಮುಸಲ್ಮಾನರಿಗೆ ಆತ ವಲಿ, ಅಂದ್ರ ಸಂತ, ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿಗೆ ಮಾಡಿಯಾಳದ ಜಂಗಮರು ಬರ್ತಾರ, ತೆಂಗಿನಕಾಯಿ ಒಡೀತಾರ. ನಮ್ಮ ಕಡಿ ಇದು ಹೊಸಾದೇನಲ್ಲ ಬಿಡ್ರಿ, ಭಾವ ಮಾತ್ರ ಬೆರಗಾಗಿ ನಿಂತಿದ್ರು.

ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ 1472ರದ್ದು, ಉಳಿದ ಒಂದು ಮಿನಾರಿನ ಮ್ಯಾಲ ನೀಲಿ ಹಂಚಿನ ಕೆಲ್ಸ ಇನ್ನೂ ಅಷ್ಟಷ್ಟು ಉಳದದ. ಬೀದರ್ ಕೋಟಿಗೆ ಅರ್ಧ ದಿನ ಬೇಕೇ ಬೇಕು. ಅದರೊಳಗಿನ ರಂಗೀನ್ ಮಹಲಿಗೆ ನಾವು ಹೋದಾಗ ಕೀಲಿ ಹಾಕಿತ್ತು, ಹೊರಗಿಂದ ನೋಡಿ ವಾಪಸ್ ಬರಬ್ಯಾಡ್ರಿ, ಅಲ್ಲೇ ಇದ್ದವ್ರಿಗೆ ಸಮಾಧಾನದಾಗ ಕೇಳ್ರಿ. ನಮಗ ತೆಗೆದು ತೋರಿಸಿದ್ರು, ಕರಿ ಕಲ್ಲಿನಾಗ ಮುತ್ತಿನ ಚಿಪ್ಪು ಕೂಡಿಸಿದ್ದು ನೋಡಿದ ಮ್ಯಾಲ ಹಿಂದಿನ ರಾತ್ರಿ ರಿಮೋಟಿನ ಸಿಟ್ಟು ಇಳೀತು.

ಬಿದ್ರಿ ಸಾಮಾನು ತಗೊಳೋರಿದ್ರ ರೋಡಿನ ಮ್ಯಾಲಿನ ಶೋರೂಮ್ ಬಿಟ್ಟು ಕೆಲ್ಸ ಮಾಡೋ ಕಾರ್ಖಾನಿಗೇ ಹೋಗ್ರಿ. ಜಿಂಕ್‌ನಾಗ ಜರಾ ತಾಮ್ರ ಕೂಡಿಸಿ ಎರಕ ಹೊಯ್ತಾರ, ಕೆತ್ತಿ ಬೆಳ್ಳಿ ತಂತಿ ಬಡೀತಾರ, ಅಲ್ಲೀ ತನಕ ಅದು ಬೂದಿ ಬಣ್ಣದ ಮಾಮೂಲಿ ಸಾಮಾನು, ಬೆಳ್ಳಿನೂ ಕಾಣಂಗಿಲ್ಲ. ಆಮ್ಯಾಲೆ ಬೀದರ್ ಕೋಟಿ ಮಣ್ಣು ಮತ್ತ ನವಸಾಗರ ಅನ್ನೋ ಉಪ್ಪು ಕಲಸಿ ಬಿಸಿ ಮಾಡಿ ತಿಕ್ತಾರ ನೋಡ್ರಿ, ನಮ್ಮ ಕಣ್ಣ ಮುಂದೇ ಮೈಯೆಲ್ಲ ಕಪ್ಪಾಯ್ತು, ಬೆಳ್ಳಿ ಒಂದೇ ಬೆಳ್ಳಗ ಉಳೀತು. ಆ ಮುದುಕರು ಅಂಗೈಯಾಗ ಎಣ್ಣಿ ಹಚ್ಕೊಂಡು ಒರೆಸಿ ಅಕ್ಕನ ಕೈಗೆ ಕೊಟ್ರು, ಇನ್ನೂ ಬೆಚ್ಚಗಿತ್ತು. ಒಂದು ಸಣ್ಣ ಡಬ್ಬಿ ತಗೊಂಡ್ವಿ, ಚೌಕಾಸಿ ಮಾಡ್ಲಿಕ್ಕ ಮನಸೇ ಬರ್ಲಿಲ್ಲ.

ಬಸವಕಲ್ಯಾಣಕ್ಕ ಹೋಗ್ವಾಗ ಒಂದು ತಪ್ಪು ಮಾಡಿದ್ವಿ. ಮ್ಯಾಪ್ ಹದಿನೈದು ನಿಮಿಷ ಉಳೀತದ ಅಂತ ಒಳಗಿನ ದಾರಿ ತೋರಿಸ್ತು, ಕಾಕಾ ಬ್ಯಾಡ ಅಂದ್ರು, ಭಾವ ಹೋಗೋಣು ಅಂದ್ರು, ಹೋದ್ವಿ. ಕಬ್ಬಿನ ಸೀಜನ್ ಅದ ಅನ್ನೂದು ನಾವ್ಯಾರೂ ವಿಚಾರನೇ ಮಾಡಿದ್ದಿಲ್ಲ. ಒಂದು ಟ್ರ್ಯಾಕ್ಟರ್, ಹಿಂದ ಎರಡು ಟ್ರಾಲಿ, ಎರಡರಾಗೂ ಬೀಳೂವಷ್ಟು ಕಬ್ಬು, ಸಿಂಗಲ್ ರೋಡು, ಸೈಡ್ ಹೊಡಿಯೋ ಮಾತೇ ಇಲ್ಲ. ಹೊತ್ತು ಮುಳುಗಿದ್ ಮ್ಯಾಲ ಇನ್ನೂ ಕೆಟ್ಟ, ಹಿಂದ ಲೈಟೂ ಇಲ್ಲ, ಹೊಳಿಯೋ ಪಟ್ಟಿನೂ ಇಲ್ಲ, ಒಂದು ಟ್ರಾಲಿ ಹತ್ರ ಕಾಕಾ ಬ್ರೇಕ್ ಹಾಕಿದ್ರ ಕಬ್ಬಿನ ತುದಿ ಬಾನೆಟ್ಟಿಗೆ ಗೀರ್ಕೊಂಡ್ ಹೋಯ್ತು. ಎರಡು ತಾಸಿನ ದಾರಿಗೆ ನಾಲ್ಕು ತಾಸು. ಚಳಿಗಾಲದಾಗ ಬೀದರ್ ಜಿಲ್ಲಾದಾಗ ಸಂಜಿ ಆರರ ಮ್ಯಾಲ ಗಾಡಿ ಓಡಿಸಬ್ಯಾಡ್ರಿ, ದೂರ ಆದ್ರೂ ಹುಮನಾಬಾದ್ ಮ್ಯಾಲೇ ಹೋಗ್ರಿ.

ಬಸವಕಲ್ಯಾಣದ ಬಗ್ಗೆ ಒಂದೇ ಮಾತು, 108 ಫೂಟಿನ ಬಸವಣ್ಣನ ಮೂರ್ತಿ ಮುಂದ ಫೋಟೋ ತಗೊಂಡು ಹಂಗೇ ಬರಬ್ಯಾಡ್ರಿ, ಹತ್ರದ ನಾರಾಯಣಪುರದ ಗುಡಿ ನೋಡ್ರಿ, ಮಂದಿ ಕಡಿಮಿ.

ಮಳಖೇಡ ನೋಡ್ಬೇಕಂದ್ರ ಬ್ಯಾರೆ ದಿನ ಇಡ್ರಿ, ಕಲಬುರಗಿಯಿಂದ ಸೇಡಂ ರೋಡಿಗೆ ಸುಮಾರು 40 ಕಿಲೋಮೀಟರ್. ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗ ಆಳಿದ ಊರು ಅಂತ ಶಾಲಿಯಾಗ ಓದಿ ದೊಡ್ಡ ಆಸಿ ಇಟ್ಕೊಂಡು ಹೋದ್ರ ನಿರಾಸಿ ಆಗ್ತದ, ಉಳದದ್ದು ಕಾಗಿಣಾ ದಂಡಿಗೆ ಒಂದು ಕೋಟಿ, ಒಂದು ಬಸದಿ, ಜಯತೀರ್ಥರ ವೃಂದಾವನ. ನಂಗೇನೋ ಆ ಖಾಲಿ ಕೋಟಿನೇ ಸೇರ್ತು. ಸಿಮೆಂಟ್ ಲಾರಿಗಳ ದೂಳು ವಿಪರೀತ, ಕಾಜು ಏರಿಸ್ಕೊಂಡೇ ಹೋಗ್ರಿ, ಬಿಳಿ ಅಂಗಿ ಹಾಕ್ಕೋಬ್ಯಾಡ್ರಿ. ಗಾಡಿ ಬಾಡಿಗಿ ತಗೊಂಡಿದ್ರ ಬಿಡಾಮುಂದನೇ ಮೀಟರಿನ ಫೋಟೋ ಹೊಡ್ಕೋರಿ, ದಿನಕ್ಕ ಕಮ್ಮಿ ಅಂದ್ರ ಎಷ್ಟು ಕಿಲೋಮೀಟರ್ ಲೆಕ್ಕ ಹಿಡೀತಾರ ಅಂತ ಕೇಳ್ರಿ. ನಾವು ಕೇಳಿದ್ದಿಲ್ಲ, ಬೀದರಿನಾಗ ಗಾಡಿ ನಿಂತ ದಿನಕ್ಕೂ 250 ಕಿಲೋಮೀಟರಿನ ರೊಕ್ಕ ಕೊಟ್ವಿ. ಕಾಕಾನ ತಪ್ಪೇನಿಲ್ಲ, ಗಾಡಿ ಅವರದಲ್ಲ. ಬಾನೆಟ್ಟಿನ ಗೀರಿಗೆ ಮಾಲಕ ಏನಂದ ಅಂತ ಇನ್ನೂ ಗೊತ್ತಾಗಿಲ್ಲ, ನಾಳೆ ಫೋನ್ ಮಾಡ್ಬೇಕು.